ಗೇರ್ ಆಯಿಲಿನ ಪೂರ್ವಾಶ್ರಮ

ನಮ್ಮ ಮನೆಯ ಪಿಕಪ್ಪಿನಲ್ಲಿ ಎಡಗಾಲಿಗೆ ಕೆಲಸವಿಲ್ಲ. ಕ್ಲಚ್ ಇರಬೇಕಾದ ಜಾಗದಲ್ಲಿ ಬರೀ ರಬ್ಬರ್ ಮ್ಯಾಟು. ನನ್ನ ಹೆಂಡತಿ ಪ್ರೇಮಾಳ ಎಡ ಮಂಡಿಗೆ ಆಪರೇಷನ್ ಆದ ಮೇಲೆ ಕ್ಲಚ್ ಒತ್ತುವ ಗಾಡಿಗಳೆಲ್ಲ ಅವಳ ಪಾಲಿಗೆ ಮುಗಿದುಹೋದವು. ಆಗ ಅವಳ ತಮ್ಮ ಮುನಿರಾಜು ತನ್ನ ಹಳೆಯ ಆಟೋಮ್ಯಾಟಿಕ್ ಪಿಕಪ್ಪನ್ನು ನಮಗೆ ಕೊಟ್ಟ. ಅವನು ಅದನ್ನು ಉಪಕಾರ ಎನ್ನುತ್ತಾನೆ. ಗಾಡಿಯ ವಯಸ್ಸು ನೋಡಿದರೆ ನನಗೆ ಹಾಗನ್ನಿಸುವುದಿಲ್ಲ.

ಏನೇ ಆಗಲಿ, ಬೆಳಗಾದರೆ ಪ್ರೇಮಾ ತೂಬಗೆರೆ ಕಡೆಯ ತೋಟಗಳಲ್ಲಿ ಸೊಪ್ಪು, ತರಕಾರಿ ತುಂಬಿಸಿಕೊಂಡು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಕ್ಯಾಂಟೀನುಗಳಿಗೆ ಹಾಕಿ ಬರುತ್ತಾಳೆ. ನಾನು ಪಕ್ಕದ ಸೀಟಿನಲ್ಲಿ ತೂಕದ ಮಿಷನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ಈ ವ್ಯಾಪಾರದಲ್ಲಿ ನನ್ನ ಹುದ್ದೆ ಅದು. ಹಿಂದೆ ಸೀಟು ಇಲ್ಲದ ಗಾಡಿಯಾದ್ದರಿಂದ ಹಿಂಬಡ್ತಿಯ ಭಯವಿಲ್ಲ.

ಈಚೆಗೆ ಗಾಡಿ ಬಿಕ್ಕಳಿಸಲು ಶುರು ಮಾಡಿತು. ನಿಂತ ಗಾಡಿಯನ್ನು ಹೊರಡಿಸಲು ಗೇರ್ ಕಡ್ಡಿ ಎಳೆದರೆ, ಬೆನ್ನಿಗೆ ಯಾರೋ ಮೊಣಕೈಯಲ್ಲಿ ತಿವಿದಂತೆ ಒಂದು ಧಕ್ಕೆ. ಮೂರು ಲಕ್ಷ ಕಿಲೋಮೀಟರಿನ ಹತ್ತಿರ ಓಡಿದ ಗಾಡಿ, ಆ ವಯಸ್ಸಿಗೆ ಇಷ್ಟು ಬಿಕ್ಕಳಿಕೆ ಸಹಜ ಎಂದು ಸಮಾಧಾನ ಹೇಳಿದೆ.

"ನಿಮ್ಗೂ ಇದೆ. ಅದಕ್ಕೆ ನಿಮ್ಮನ್ನ ಲೋಡ್ ಎಳ್ಯೋಕೆ ಕಟ್ಟಿಲ್ಲ" ಎಂದಳು ಪ್ರೇಮಾ.

ದೊಡ್ಡಬಳ್ಳಾಪುರದ ನಯಾಜ್ ಅವರ ಗ್ಯಾರೇಜಿಗೆ ಹೋದೆವು. ನಯಾಜ್ ಬಾನೆಟ್ ಎತ್ತಿ, ಅಳತೆ ಕಡ್ಡಿ ಎಳೆದು, ಗೇರ್ ಆಯಿಲನ್ನು ಬಿಳಿ ಬಟ್ಟೆಗೆ ಒರೆಸಿ ತೋರಿಸಿದರು. ಈ ಜಾತಿಯ ಗಾಡಿಗಳಲ್ಲಿ ನಮ್ಮ ಕಾಲು ಮಾಡದ ಕೆಲಸವನ್ನು ಈ ಎಣ್ಣೆಯೇ ಒಳಗಿನ ಪ್ಲೇಟುಗಳನ್ನು ಒತ್ತಿ ಹಿಡಿದು ಮಾಡುತ್ತದಂತೆ. ಹೊಸದರಲ್ಲಿ ಅದಕ್ಕೆ ದಾಳಿಂಬೆ ರಸದ ಬಣ್ಣ. ನಮ್ಮದಕ್ಕೆ ಮೂರು ದಿನದ ಡಿಕಾಕ್ಷನ್ನಿನ ಬಣ್ಣ.

"ಮೊದ್ಲು ಯಾವಾಗಾದ್ರೂ ಚೇಂಜ್ ಮಾಡ್ಸಿದೀರಾ ಸಾರ್?" ಎಂದು ನಯಾಜ್ ಕೇಳಿದರು.

"ಯಾಕೆ?"

"ಮಾಡ್ಸಿದ್ರೆ ಈಗ್ಲೂ ಮಾಡೋಣ. ಒಂದ್ಸಲಾನೂ ಮಾಡ್ಸಿಲ್ಲ ಅಂದ್ರೆ ಮುಟ್ಟೋದ್ ಬೇಡ. ಹಳೇ ಆಯಿಲಲ್ಲಿರೋ ಕೊಳೆನೇ ಪ್ಲೇಟ್‌ನ ಹಿಡ್ಕೊಂಡಿರುತ್ತೆ. ಹೊಸದು ಹೋಗಿ ಅದನ್ನ ತೊಳ್ದುಬಿಟ್ರೆ ಇಂಜಿನ್ ಕೂಗುತ್ತೆ, ಗಾಡಿ ಅಲ್ಲೇ ನಿಂತಿರುತ್ತೆ."

"ಇದು ಖಂಡಿತಾನಾ?"

"ಕೆಲವ್ರು ಹಿಂಗಂತಾರೆ ಸಾರ್. ಕೆಲವ್ರು ಇದೆಲ್ಲಾ ಸುಳ್ಳು ಅಂತಾರೆ. ನಾನು ಎರಡೂ ನೋಡಿದೀನಿ."

ಹೀಗಾಗಿ ಗಾಡಿಯ ಭವಿಷ್ಯ ನಮ್ಮ ನೆನಪಿನ ಮೇಲೆ ಬಂದು ನಿಂತಿತು. ಗಾಡಿಯ ಜೊತೆಗೆ ಪ್ರೇಮಾಳದ್ದೂ. ಗೇರ್‌ಬಾಕ್ಸ್ ಹೋದರೆ ಅದನ್ನು ಸರಿಮಾಡಿಸುವುದಕ್ಕಿಂತ ಗಾಡಿಯನ್ನು ಗುಜರಿಗೆ ಹಾಕುವುದು ಲೇಸು. ಆಮೇಲೆ ಅವಳು ಓಡಿಸಬಲ್ಲ ಇನ್ನೊಂದು ಗಾಡಿ ನಮಗೆ ಸಿಗುವಂತಿಲ್ಲ. ಅವಳು ಹಳೆಯ ಟೈರಿನ ಮೇಲೆ ಕೂತು ಮಂಡಿಯ ಮೇಲೆ ಕೈಯಿಟ್ಟುಕೊಂಡಿದ್ದಳು.

ಮುನಿರಾಜುವಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

"ಮಾಡ್ಸಿದೀನಲ್ಲ ಭಾವ, ನೆಲಮಂಗಲದಲ್ಲಿ. ಜೋರು ಮಳೆ. ಪಕ್ಕದ ಅಂಗಡೀಲಿ ಮೆಣಸಿನಕಾಯಿ ಬಜ್ಜಿ ತಿಂದು ನಾಲ್ಗೆ ಸುಟ್ಕೊಂಡೆ. ಇವತ್ಗೂ ಜ್ಞಾಪ್ಕ ಇದೆ."

ಸುಟ್ಟ ನಾಲಿಗೆ ಬಜ್ಜಿಗೆ ಸಾಕ್ಷಿಯೇ ಹೊರತು ಎಣ್ಣೆಗಲ್ಲ. ಪ್ರೇಮಾ ಕೂತಲ್ಲಿಂದಲೇ ಹೇಳಿದಳು: "ಅವ್ನು ಇಂಜಿನ್ ಆಯಿಲ್ ಮಾಡ್ಸಿರ್ತಾನೆ. ಗೇರಿಂದು ನಾವೇ ಮಾಡ್ಸಿದ್ದು, ಹೊಸಕೋಟೆ ದೊಡ್ಡಮ್ಮನ ಮನೆಗೆ ಹೋದಾಗ. ನಾನು ಹಸಿರು ಸೀರೆ ಉಟ್ಟಿದ್ದೆ."

ನನಗೂ ಒಂದು ನೆನಪಿತ್ತು. ಕೆಂಪು ಎಣ್ಣೆ ಸಣ್ಣ ಧಾರೆಯಾಗಿ ತಟ್ಟೆಗೆ ಬೀಳುತ್ತಿರುವ ಸ್ಪಷ್ಟ ಚಿತ್ರ. ಆದರೆ ಅದಕ್ಕೆ ಹಿನ್ನೆಲೆ ಸಂಗೀತವೂ ಇತ್ತು. ಸಂಗೀತವಿರುವ ನೆನಪುಗಳನ್ನು ನಾನು ಈಚೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಅವು ಫೋನಿನಲ್ಲಿ ನೋಡಿದ ವಿಡಿಯೋಗಳಾಗಿರುತ್ತವೆ. ಸಂಗೀತವಿಲ್ಲದವೂ ಬಹಳ ಮೇಲಲ್ಲ. ಮಳೆ, ಬಜ್ಜಿ, ಹಸಿರು ಸೀರೆ ಎಂದು ನೆನಪು ಅಲಂಕಾರ ಮಾಡಿಕೊಂಡು ಬಂದಷ್ಟೂ ನನಗೆ ಅನುಮಾನ ಜಾಸ್ತಿ. ನಮ್ಮ ಹಳೆಯ ತಾರ್ಕಿಕರು ಜಾಣರು. ಕಣ್ಣಿಗೆ ಕಂಡದ್ದು, ಊಹಿಸಿದ್ದು, ಹೋಲಿಸಿ ತಿಳಿದದ್ದು, ಬಲ್ಲವರು ಹೇಳಿದ್ದು ಎಲ್ಲವನ್ನೂ ಪ್ರಮಾಣವೆಂದು ಒಳಗೆ ಕರೆದು, ನೆನಪನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸಿದರು. ಬಹುಶಃ ಅವರಿಗೂ ಭಾವಮೈದುನರಿದ್ದರು.

ನಯಾಜ್ ಅವರದೊಂದು ಕಟ್ಟುಪಾಡಿದೆ. ಅಪಾಯದ ಕೆಲಸವಾದರೆ, "ಮಾಡಿ" ಎಂದು ಗಾಡಿಯವರ ಬಾಯಲ್ಲೇ ಬರಬೇಕು, ಅದೂ ಎದುರಿನ ಟೀ ಅಂಗಡಿಯಾತನಿಗೆ ಕೇಳುವಷ್ಟು ಜೋರಾಗಿ. ಅಲ್ಲಿಯವರೆಗೆ ಅವರು ಸ್ಪ್ಯಾನರ್ ಮುಟ್ಟುವುದಿಲ್ಲ. ನಾಳೆ ನಯಾಜ್ ಕೆಡಿಸಿದ ಎನ್ನುವಂತಿಲ್ಲ. ಅವರು ನನ್ನ ಮುಖ ನೋಡಿದರು. ನಾನು, "ಒಂದು ರೀತಿಯಲ್ಲಿ ನೋಡಿದ್ರೆ..." ಎಂದು ಆರಂಭಿಸಿದೆ.

ಪ್ರೇಮಾ ಎದ್ದು ಬಂದಳು. "ಅವ್ರನ್ನೇನು ಕೇಳ್ತೀರಿ? ಅವ್ರು ಮಿಷನ್ ಹಿಡ್ಕೊಳ್ಳೋರು. ಓಡ್ಸೋಳು ನಾನು." ಅಳತೆ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು, ತಳ ಹಿಡಿದಿರಬಹುದಾದ ಸಾರನ್ನು ಮೂಸುವಂತೆ ಮೂಸಿದಳು. "ಸೀದಿಲ್ಲ ಅನ್ಸುತ್ತೆ. ಹಳೇದಾಗಿದೆ ಅಷ್ಟೆ."

"ನಂಗೂ ಹಂಗೇ ಅನ್ಸುತ್ತೆ ಅಕ್ಕ, ಗ್ಯಾರಂಟಿ ಕೊಡಲ್ಲ. ಒಂದೇ ಸಲಕ್ಕೆ ಎಲ್ಲಾ ತೆಗ್ಯೋದ್ ಬೇಡ. ಕೆಳ್ಗಡೆ ಬಿಚ್ಚಿದ್ರೆ ಅರ್ಧ ಬರುತ್ತೆ, ಅರ್ಧ ಒಳ್ಗೇ ನಿಂತಿರುತ್ತೆ. ಬಂದಷ್ಟಕ್ಕೆ ಹೊಸದು ಹಾಕೋಣ. ಸ್ವಲ್ಪ ದಿನ ಓಡ್ಸಿ, ಆಮೇಲೆ ಇನ್ನೊಂದ್ಸಲ."

"ಹೆಪ್ಪಿಗೆ ಉಳ್ಸಿದಂಗೆ."

"ಹಂಗೇ ಅಂದ್ಕೊಳ್ಳಿ."

"ಮಾಡಿ" ಎಂದಳು. ರಸ್ತೆಯಾಚೆ ಟೀ ಅಂಗಡಿಯಾತ ಕೇಳಿಸಿತೆಂದು ಕೈ ಎತ್ತಿದ.

ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ನಯಾಜ್ ಕೆಳಗಿಳಿದರು. ಗೇರ್‌ಬಾಕ್ಸಿನ ತಳಕ್ಕೆ ಎಣ್ಣೆಯ ತಟ್ಟೆಯನ್ನು ಹಿಡಿದಿದ್ದ ಬೋಲ್ಟುಗಳೆಲ್ಲ ಮಣ್ಣು ಮೆತ್ತಿ ಕಪ್ಪಾಗಿದ್ದವು. ಒಂದು ಮಾತ್ರ ಬೇರೆ ಜಾತಿಯದು, ಹೊಳೆಯುತ್ತಿತ್ತು. ಅಂದರೆ ಯಾರೋ ಯಾವತ್ತೋ ಬಿಚ್ಚಿದ್ದರು. "ನೆಲಮಂಗಲದವ್ನು ಹಾಕಿದ್ದು, ನಾನು ಹೇಳ್ಲಿಲ್ವಾ ಭಾವ" ಎಂದು ಸುದ್ದಿ ಕೇಳಿದ ಮುನಿರಾಜು ಫೋನಿನಲ್ಲಿ ಗೆದ್ದ. "ಹೊಸಕೋಟೆ ಬೋಲ್ಟು" ಎಂದು ಪ್ರೇಮಾ ಇಲ್ಲಿ ಗೆದ್ದಳು. ಹೊಗೆಯಿದ್ದಲ್ಲಿ ಬೆಂಕಿಯಿರಬೇಕೆಂದು ತಾರ್ಕಿಕರು ಹೇಳಿದ್ದಾರೆ. ಒಂದೇ ಹೊಗೆಗೆ ಎರಡು ಬೆಂಕಿಗಳು ಹಕ್ಕು ಸಾಧಿಸಿದರೆ ಏನು ಮಾಡಬೇಕೆಂದು ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ತಟ್ಟೆ ಕೆಳಗಿಳಿಯಿತು. ಅದರ ತಳದಲ್ಲಿ ಒಂದು ಅಯಸ್ಕಾಂತ. ಒಳಗೆ ಸವೆದ ಕಬ್ಬಿಣವೆಲ್ಲ ಬಂದು ಅದಕ್ಕೆ ಕಚ್ಚಿಕೊಳ್ಳುತ್ತದೆ. ಚೂರುಗಳಿದ್ದರೆ ಗೇರ್‌ಬಾಕ್ಸ್ ಮುಗಿಯಿತೆಂದು ಅರ್ಥ. ನಯಾಜ್ ಅದನ್ನು ಬೆರಳಿಂದ ಬಳಿದು, ಬೆಳಕಿಗೆ ಹಿಡಿದು, ಉಜ್ಜಿ ನೋಡಿದರು. ಪ್ರೇಮಾ ಗುಂಡಿಯ ಅಂಚಿನಲ್ಲಿ ನೋಯುವ ಮಂಡಿ ಮಡಿಸಿ ಬಗ್ಗಿದ್ದಳು. ಆ ಮಂಡಿ ಅಷ್ಟು ಬಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

"ಬರೀ ಪೇಸ್ಟು ಅಕ್ಕ. ಚೂರಿಲ್ಲ."

ವಿಭೂತಿ ಕಲಸಿದಂಥ ಬೂದು ಬಣ್ಣದ ಆ ಕೊಳೆಯನ್ನು ನಾವಿಬ್ಬರೂ ಭಕ್ತಿಯಿಂದ ನೋಡಿದೆವು.

ಹೊಸ ಫಿಲ್ಟರು ಕೂತಿತು, ತಟ್ಟೆ ಮೇಲೇರಿತು, ಕೆಂಪು ಎಣ್ಣೆ ಒಳಗಿಳಿಯಿತು. ಪ್ರೇಮಾ ಗಾಡಿ ಹತ್ತಿ, ಬ್ರೇಕ್ ಒತ್ತಿಕೊಂಡು, ಗೇರ್ ಕಡ್ಡಿಯನ್ನು ಒಂದೊಂದೇ ಮನೆಗೆ ನಿಧಾನವಾಗಿ ಸರಿಸಿದಳು. ಕೊನೆಗೆ ಮುಂದಕ್ಕೆ ಹೋಗುವ ಮನೆಗೆ ಎಳೆದಳು. ಧಕ್ಕೆಯಿಲ್ಲ. ಸದ್ದಿಲ್ಲ.

"ಏನೂ ಆಗ್ಲಿಲ್ಲ" ಎಂದೆ.

"ಆಗ್ಬಾರ್ದು ಅಂತಾನೇ ಅಲ್ವಾ ಮಾಡ್ಸಿದ್ದು" ಎಂದು ಬ್ರೇಕ್ ಬಿಟ್ಟಳು. ಗಾಡಿ ಮೆಲ್ಲಗೆ ಗುಂಡಿ ದಾಟಿ, ರಸ್ತೆಗಿಳಿದು, ವೇಗ ಹಿಡಿದು, ತಿರುವಿನಲ್ಲಿ ಕಾಣದಾಯಿತು. ನಾನು ರಸ್ತೆ ಪಕ್ಕ ನಿಂತಿದ್ದೆ. ತೂಕದ ಮಿಷನ್ ನನ್ನ ಕೈಯಲ್ಲಿತ್ತು. ಅದಿಲ್ಲದೆ ವ್ಯಾಪಾರವಿಲ್ಲ, ಆದ್ದರಿಂದ ವಾಪಸ್ ಬರುತ್ತಾಳೆ ಎಂಬ ಧೈರ್ಯವಿತ್ತು. ಸಾಕಷ್ಟು ಹೊತ್ತಾದ ಮೇಲೆ ಬಂದಳು. ಸಾಸಲು ದಾರಿ ಹಿಡಿದು ಹೋಗಿ ಬಂದಿದ್ದಳಂತೆ. ಮುಖ ನೋಡಿದರೆ ಧಕ್ಕೆಯ ವಿಚಾರ ಕೇಳಬೇಕಾಗಿರಲಿಲ್ಲ.

ಆ ದಿನ ಈಗಾಗಲೇ ಅಲಂಕಾರ ಮಾಡಿಕೊಳ್ಳುತ್ತಿದೆ. ತಾನೇ ಧೈರ್ಯ ಹೇಳಿ ಮಾಡಿಸಿದ್ದೆಂದು ಮುನಿರಾಜು ನೆಂಟರಿಗೆಲ್ಲ ಹೇಳಿದ್ದಾನೆ. ನನ್ನ ನೆನಪಿನಲ್ಲೂ ಪ್ರೇಮಾ "ಮಾಡಿ" ಎನ್ನುವ ಮುನ್ನ ನಾನು ತಲೆಯಾಡಿಸಿದ್ದೇನೆ.

ಮೊನ್ನೆ ಉಳಿದರ್ಧ ಎಣ್ಣೆಗೆ ಮತ್ತೆ ಹೋದೆವು. ನಯಾಜ್ ಅಳತೆ ಕಡ್ಡಿ ಎಳೆದು ಬಟ್ಟೆಗೆ ಒರೆಸಿದರು.

"ಮೊದ್ಲು ಯಾವಾಗಾದ್ರೂ ಚೇಂಜ್ ಮಾಡ್ಸಿದೀರಾ ಸಾರ್?"

ಪ್ರೇಮಾ ಕಿಟಕಿಯಿಂದ ತಲೆ ಹಾಕಿದಳು. "ನಿಮ್ ಹತ್ರಾನೇ."

ನಯಾಜ್ ಗುಂಡಿಗಿಳಿದು ಟಾರ್ಚು ಬಿಟ್ಟರು. ಆಮೇಲೆ ಕೆಳಗಿನಿಂದ, "ಇಲ್ಲ ಅಕ್ಕ, ನಾನ್ ಮಾಡಿಲ್ಲ. ಈ ಹೊಳೆಯೋ ಬೋಲ್ಟು ನಂದಲ್ಲ" ಎಂದು ಕೇಳಿಸಿತು.

"ಮಾಡಿ" ಎಂದಳು ಪ್ರೇಮಾ. ಟೀ ಅಂಗಡಿಯಾತ ಕೈ ಎತ್ತಿದ.

ನಾನು ತೂಕದ ಮಿಷನ್ನನ್ನು ಎತ್ತಿಕೊಂಡು ಕೆಳಗಿಳಿದೆ. ಗಾಡಿ ಈಗ ನುಣ್ಣಗೆ ಓಡುತ್ತದೆ. ಮಿಷನ್ ಒಳಗೇ ಉಳಿದುಬಿಟ್ಟರೆ, ಪಕ್ಕದ ಸೀಟಿನಲ್ಲಿ ಒಬ್ಬರಿದ್ದರೆಂಬುದನ್ನು ನೆನಪಿಟ್ಟು ವಾಪಸ್ ಬರುವವರು ಯಾರು?