ನಾನು ಕಡಿಮೆ ಬರೆದ ನಾಲ್ಕು ಇಂಚು

ಶಿವಲೀಲಾಳ ಎದೆಯ ಸುತ್ತಳತೆ ನಲವತ್ತಾರು ಇಂಚು. ಟೇಲರ್‌ಗೆ ಕಳಿಸುವ ಹಾಳೆಯ ಮೇಲೆ ನಾನು ನಲವತ್ತೆರಡು ಎಂದು ಬರೆದೆ. ಕೈತಪ್ಪಿನಿಂದಲ್ಲ. ಟೇಪು ನನ್ನ ಬೆರಳುಗಳ ನಡುವೆಯೇ ಇತ್ತು, ಅಂಕಿ ನಿಚ್ಚಳವಾಗಿ ಕಾಣುತ್ತಿತ್ತು — ಕಂಡದ್ದನ್ನು ಬಿಟ್ಟು ಬೇರೆಯದನ್ನು ಬರೆದೆ. ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಆಗ ನಾನು ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯ ಕಚೇರಿಯಲ್ಲಿ ಸಿಬ್ಬಂದಿಯ ಕೆಲಸಕಾರ್ಯ ನೋಡಿಕೊಳ್ಳುತ್ತಿದ್ದೆ. ಶಿವಲೀಲಾ ಅಲ್ಲಿ ವಿಚಾರಣೆಯ ಕೌಂಟರಿನಲ್ಲಿ ಆರು ವರ್ಷದಿಂದ ಇದ್ದವಳು. ತವರು ಪಾರಿಶ್ವಾಡ, ಗಂಡನ ಮನೆ ಖಾನಾಪುರ. ನಾಲ್ಕು ವರ್ಷದ ಮಗಳನ್ನು ಅತ್ತೆಯ ಬಳಿ ಬಿಟ್ಟು ದಿನವೂ ಬಸ್ಸಿಗೆ ಬರುತ್ತಿದ್ದಳು. ದಪ್ಪ ಮೈಯವಳು. ಆ ಮೈಯನ್ನು ಮುಚ್ಚಿಟ್ಟುಕೊಂಡು ಓಡಾಡಿದವಳಲ್ಲ.

ಕೆಲಸದಲ್ಲಿ ಅವಳಿಗೆ ಸರಿಸಾಟಿ ಯಾರೂ ಇರಲಿಲ್ಲ. ಕಣಕುಂಬಿ ಕಡೆಯಿಂದ ಬಂದ ಮುದುಕಿಯರು ಬಾಗಿಲಲ್ಲೇ ಹೆದರಿ ನಿಂತರೆ ಎದ್ದು ಹೋಗಿ ಮರಾಠಿಯಲ್ಲಿ ಮಾತಾಡಿಸಿ ಒಳಗೆ ಕರೆತರುತ್ತಿದ್ದಳು. ಒಮ್ಮೆ ಒಬ್ಬಾತ ಬೆವರುತ್ತ ಬಂದು, ಗ್ಯಾಸ್ ಆಗಿದೆ, ಮಾತ್ರೆ ಸಾಕು ಎಂದ. ಶಿವಲೀಲಾ ಅವನ ಹೆಸರನ್ನೂ ಕೇಳದೆ ಸ್ಟ್ರೆಚರ್ ತರಿಸಿದಳು. ಹೃದಯಾಘಾತವಾಗಿತ್ತು. ಆತ ಬದುಕಿದ. ಇಂಥವಳ ಬಗ್ಗೆ ನಮ್ಮಲ್ಲಿ ಆಡುತ್ತಿದ್ದ ಮಾತೇನು ಗೊತ್ತೇ? ಲಿಫ್ಟಿಗೆ ಅವಳೊಬ್ಬಳು ಹತ್ತಿದರೆ ಸಾಕು — ಎಂದು. ನಾನೂ ನಕ್ಕಿದ್ದೇನೆ.

ಹೊಸ ಕಟ್ಟಡ ಸಿದ್ಧವಾಯಿತು. ಗಾಜಿನ ಬಾಗಿಲು, ದೊಡ್ಡ ಸ್ವಾಗತ ಕೌಂಟರ್, ಅದಕ್ಕೊಬ್ಬ ಮೇಲ್ವಿಚಾರಕಿ. ಹಿರಿತನದಲ್ಲಿ ಆ ಹುದ್ದೆ ಶಿವಲೀಲಾಳದೇ. ಉದ್ಘಾಟನೆಗೆ ಮೂರು ವಾರ ಇರುವಾಗ ಆಡಳಿತಾಧಿಕಾರಿ — ನಾವು ಸಾಹೇಬ್ರು ಎನ್ನುತ್ತಿದ್ದೆವು — ನನ್ನನ್ನು ಕರೆಸಿದರು.

"ಆ ಖುರ್ಚಿ ಮ್ಯಾಲೆ ಆಕಿನ್ನ ಕುಂಡ್ರಿಸಿದ್ರ ಆಸ್ಪತ್ರಿ ಮಾರಿ ಹೆಂಗ ಕಾಣತೈತ್ರಿ? ಬಾಯಿ ಬಿಟ್ಟು ಹೇಳಾಕ ಬರೂದಿಲ್ಲ. ನೀವು ಹೆಣ್ಮಕ್ಕಳು, ಏನರ ದಾರಿ ನೋಡ್ರಿ," ಎಂದರು.

ಅಳತೆ ತಪ್ಪು ಬರಿ ಎಂದು ಅವರು ಹೇಳಲಿಲ್ಲ. ಆ ಉಪಾಯ ಪೂರ್ತಿಯಾಗಿ ನನ್ನದು. ಸ್ವಾಗತದವರೆಲ್ಲರಿಗೂ ಸೀರೆಯ ಮೇಲೆ ನೀಲಿ ಕೋಟು ಹೊಲಿಸುವುದಿತ್ತು. ಕೋಟು ಹಿಡಿಸದಿದ್ದರೆ ಯಾರೂ ಏನೂ ಹೇಳಬೇಕಾಗಿಲ್ಲ, ಬಟ್ಟೆಯೇ ಹೇಳುತ್ತದೆ — ಹಾಗೆ ಯೋಚಿಸಿದೆ. ಎಂಥ ಕೊಳಕು ಜಾಣತನ!

ಸಾಹೇಬರ ಹೆದರಿಕೆಯಿಂದ ಮಾಡಿದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ಮದುವೆಯಾದಾಗಿನಿಂದ ಒಂದೂವರೆ ರೊಟ್ಟಿಗೆ ತಾಟು ಬಿಟ್ಟು ಎದ್ದವಳು. ಹಸಿವನ್ನು ಚಹಾದಲ್ಲಿ ಮುಳುಗಿಸಿ, ಸೊಂಟ ಹಾಗೇ ಉಳಿಸಿಕೊಂಡಿದ್ದೇನೆ ಎಂದು ಒಳಗೊಳಗೇ ಬೀಗಿದವಳು. ಶಿವಲೀಲಾ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ ಝುಣಕ, ಶೇಂಗಾ ಚಟ್ನಿ ಎಲ್ಲರಿಗೂ ಬಡಿಸಿ, ಮೂರು ರೊಟ್ಟಿ ತಿಂದು, ಕೈ ತೊಳೆದು, ಹಾಡು ಗುನುಗುತ್ತ ಕೌಂಟರಿಗೆ ಹೋಗುತ್ತಿದ್ದಳು. ಅವಳಿಗೆ ತನ್ನ ಮೈಯ ಮೇಲೆ ಸಿಟ್ಟಿರಲಿಲ್ಲ. ಅದನ್ನು ನೋಡಿ ನನಗೆ ಉರಿಯುತ್ತಿತ್ತು. ನಾನು ಇಷ್ಟು ವರ್ಷ ಸಹಿಸಿದ್ದನ್ನು ಇವಳೇಕೆ ಸಹಿಸಬಾರದು — ಇದೇ ನಿಜ, ಇದಕ್ಕಿಂತ ಚಂದದ ಕಾರಣ ನನ್ನ ಬಳಿ ಇಲ್ಲ.

ಅಳತೆ ತೆಗೆಯುವಾಗ ಅವಳು ಎರಡೂ ಕೈ ಎತ್ತಿ ನಿಂತು, ಟೇಪು ಸಾಲುತ್ತದೆಯೇ ಅಕ್ಕಾರ ಎಂದು ಚೇಷ್ಟೆ ಮಾಡಿದ್ದಳು. ಬರೆದದ್ದನ್ನು ನೋಡಲೂ ಇಲ್ಲ. ನಾನಲ್ಲವೇ ಬರೆದವಳು.

ಉದ್ಘಾಟನೆಯ ಎರಡು ದಿನ ಮುಂಚೆ ಕೋಟುಗಳು ಬಂದವು. ನರ್ಸ್‌ಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ತೊಟ್ಟು ನೋಡಿದರು. ಶಿವಲೀಲಾಳ ತೋಳು ಅರ್ಧಕ್ಕೇ ಸಿಕ್ಕಿಕೊಂಡಿತು. ಒಬ್ಬಳು ಹಿಂದಿನಿಂದ ಎಳೆದಳು. ಗುಂಡಿ ಸೇರಲಿಲ್ಲ; ನಡುವೆ ನಾಲ್ಕು ಇಂಚು ಹಾಗೇ ಉಳಿಯಿತು. ಬಿಲ್ಲಿಂಗ್ ವಿಭಾಗದ ಸವಿತಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಇನ್ನೊಬ್ಬಳು, ಟೇಲರ್‌ನದೇ ತಪ್ಪಿರಬೇಕು ಎಂದಳು. ಆಗ ಶಿವಲೀಲಾ ಅಂದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಟೇಲರ್‌ಂದು ತಪ್ಪಲ್ಲ ಬಿಡ್ರಿ. ಅಕ್ಕಾರು ಅಳತಿ ತಗೊಳ್ಳುವಾಗ ನಾನ ಉಸಿರು ಬಿಗಿ ಹಿಡದು ನಿಂತಿದ್ನೇನೋ."

ನನ್ನ ಸುಳ್ಳಿಗೆ ಕಾರಣ ಹುಡುಕಿಕೊಟ್ಟವಳೂ ಅವಳೇ. ಆ ಕ್ಷಣ ಒಂದು ಮಾತು — ಒಂದೇ ಮಾತು ಸಾಕಿತ್ತು. ಅದನ್ನಾಡದೆ, ಹೊಲಿಗೆ ಬಿಚ್ಚಿ ಅಗಲ ಮಾಡಲು ಒಳಗೆ ಬಟ್ಟೆ ಇಲ್ಲ, ಆ ದಿನ ನೀನು ಕೆಳಗೆ ಹಳೆಯ ದಾಖಲೆಗಳ ಕೋಣೆಯಲ್ಲಿರು ಎಂದೆ. ಆ ದಿನ ಎಂದದ್ದು ಕಾಯಂ ಆಯಿತು. ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ತೆಳ್ಳನೆಯ ಹುಡುಗಿ ಮೇಲ್ವಿಚಾರಕಿಯಾದಳು. ಸಾಹೇಬ್ರು ನನಗೆ, ನಾಜೂಕಾಗಿ ಮುಗಿಸಿದಿರಿ ಎಂದರು. ನನಗೆ ಖುಷಿಯಾಯಿತು. ಹೌದು, ಆಯಿತು.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಶಿವಲೀಲಾ ಊಟ ಬಿಟ್ಟಳು. ಡಬ್ಬಿ ತರುವುದು ನಿಂತಿತು. ಕೇಳಿದರೆ ಸೋಮವಾರದ ಉಪವಾಸ ಎನ್ನುತ್ತಿದ್ದಳು, ಬುಧವಾರವೂ ಅದನ್ನೇ ಹೇಳುತ್ತಿದ್ದಳು. ಎರಡು ತಿಂಗಳ ಮೇಲೆ ಫೈಲುಗಳನ್ನು ಹೊತ್ತು ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಬಿದ್ದಳು. ಮೊದಲು ಓಡಿದವಳು ನಾನೇ. ಎಬ್ಬಿಸಿ ಕೂಡಿಸಿ ಸಕ್ಕರೆ ನೀರು ಕುಡಿಸಿದೆ. ಮುಂದಿನ ತಿಂಗಳು ರಾಜೀನಾಮೆ ತಂದಳು. ಕಾರಣದ ಜಾಗ ಖಾಲಿಯಿತ್ತು. ಮನೆಯ ತೊಂದರೆ ಎಂದು ನಾನೇ ತುಂಬಿಸಿದೆ.

ಎಂಟು ವರ್ಷ ಕಳೆದವು. ಸಾಹೇಬ್ರು ನಿವೃತ್ತರಾದರು, ಅವರ ಕುರ್ಚಿ ನನಗೆ ಬಂತು. ಹೋದ ವಾರ ಸ್ವಾಗತಕ್ಕೆ ಸಂದರ್ಶನವಿತ್ತು. ಮೂರು ಭಾಷೆ ಸರಾಗವಾಗಿ ಮಾತಾಡಿದ ಒಬ್ಬ ದಪ್ಪ ಹುಡುಗಿಯ ಅರ್ಜಿಯ ಮೇಲೆ ನನ್ನ ಪಕ್ಕದಲ್ಲಿದ್ದ ಯುವ ಅಧಿಕಾರಿ 'ಪರ್ಸನಾಲಿಟಿ ಇಲ್ಲ' ಎಂದು ಬರೆದ. ನಾನು ಪೆನ್ನು ಕಿತ್ತುಕೊಂಡು ಅವನನ್ನು ಬೈದೆ. ಇನ್ನೊಬ್ಬರ ದೇಹಕ್ಕೆ ಅಂಕ ಹಾಕುವ ಅಧಿಕಾರ ನಿನಗೆ ಯಾರು ಕೊಟ್ಟರು ಎಂದು ಕೂಗಿದೆ. ಅವನು ಹೆದರಿ ಕ್ಷಮೆ ಕೇಳಿದ. ಹುಡುಗಿಗೆ ಕೆಲಸ ಸಿಕ್ಕಿತು. ಆದರೆ ನನ್ನ ಸಿಟ್ಟು ಇಳಿಯಲಿಲ್ಲ — ಅವನು ಪಾಪ, ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದ. ನಾನು ಅಷ್ಟನ್ನೂ ಮಾಡಿರಲಿಲ್ಲ.

ಆ ಭಾನುವಾರ ಖಾನಾಪುರಕ್ಕೆ ಹೋದೆ. ಶಿವಲೀಲಾ ಈಗ ಅಲ್ಲೊಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬರ್ರಿ ಅಕ್ಕಾರ ಎಂದು ಮನೆಗೆ ಕರೆದೊಯ್ದು ಚಹಾ ಮಾಡಿದಳು. ಕೂತವಳೇ ಹೊಟ್ಟೆಯ ಮೇಲೆ ಸೆರಗು ಹರಡಿಕೊಂಡಳು. ಹಿಂದೆ ಅವಳಿಗೆ ಆ ಅಭ್ಯಾಸ ಇರಲಿಲ್ಲ. ನಾನು ಎಲ್ಲ ಹೇಳಿದೆ. ಅವಳು ದನಿ ಏರಿಸದೆ ಮಾತಾಡಿದಳು.

"ಎಂಟು ವರ್ಷ ಕನ್ನಡಿ ಮುಂದ ನಿಂತು ನನ್ನ ಮೈಗೆ ನಾ ಬೈದೇನ್ರಿ. ಮೂರು ವಾರದಾಗ ನಾಕು ಇಂಚು ಹೆಚ್ಚಾದೆ, ನಾ ಎಂಥಾಕಿ ಅಂತ. ಮಗಳು ಎರಡನೇ ರೊಟ್ಟಿ ಕೇಳಿದ್ರ ಆಕಿಗೂ ಬೈದೇನಿ. ಅದನ್ನ ಹೆಂಗ ವಾಪಸ್ ತಗೋತೀರಿ?"

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಮಾಫಿ ಬ್ಯಾಡ್ರಿ. ಆವತ್ತ ಆ ಕೋಣ್ಯಾಗ ಇದ್ದವ್ರ ಮುಂದ ಹೇಳ್ರಿ. ಅವ್ರು ನನ್ನ ನೋಡಿ ನಕ್ಕಾರ."

ಚಹಾ ಹಾಗೇ ಉಳಿಯಿತು. ಕುಡಿಯಿರಿ ಎಂದು ಅವಳು ಹೇಳಲಿಲ್ಲ.

ಮರುದಿನ ಸೋಮವಾರ, ಸಿಬ್ಬಂದಿಯ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಅಳತೆಯ ಹಾಳೆ, ಕೋಟು, ನಾನೇ ತುಂಬಿಸಿದ ಸುಳ್ಳು ಕಾರಣ. ಹಳೆಯದನ್ನು ಯಾಕೆ ಕೆದಕುತ್ತೀರಿ ಎಂದು ಒಬ್ಬರು ಗೊಣಗಿದರು. ಸವಿತಾ ತಲೆ ಎತ್ತಲಿಲ್ಲ. ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡಿ ಆಡಳಿತ ಮಂಡಳಿಗೆ ಕೊಟ್ಟೆ. ಒಂದು ಪ್ರತಿಯನ್ನು ಶಿವಲೀಲಾಳ ಫೈಲಿಗೆ ಸೇರಿಸಿದೆ. ಮಂಡಳಿ ನನ್ನಿಂದ ವಿವರಣೆ ಕೇಳಿದೆ. ಕೇಳಲಿ.

ಸಂಜೆ ಫೋನ್ ಮಾಡಿ ಶಿವಲೀಲಾಳಿಗೆ ತಿಳಿಸಿದೆ. ಅವಳು ಕೇಳಿದ್ದು ಒಂದೇ.

"ನಾ ಮೆಟ್ಟಲ ಮ್ಯಾಲೆ ಬಿದ್ದಾಗ ನೀವು ಏನಂದ್ರಿ, ಅದನ್ನೂ ಹೇಳಿದ್ರೇನ್ರಿ?"

ಹೇಳಿರಲಿಲ್ಲ. ಇಲ್ಲಿ, ಮೇಲೆ ಬರೆಯುವಾಗಲೂ ಆ ಮಾತನ್ನು ದಾಟಿ ಬಂದೆ — ಸಕ್ಕರೆ ನೀರಿನ ಉಪಕಾರವನ್ನಷ್ಟೇ ಬರೆದೆ. ಅವತ್ತು ಅವಳು ಗೋಡೆಗೆ ಒರಗಿ ಕೂತಿದ್ದಳು, ತುಟಿ ಬಿಳಿಚಿತ್ತು. ಹಸಿವಿನಿಂದ ಬಿದ್ದಿದ್ದಾಳೆಂದು ನನಗೆ ಗೊತ್ತಿತ್ತು. ಆ ಮುಖ ನೋಡುತ್ತಲೇ ನಾನು ಅಂದಿದ್ದೆ — "ಈಗ ಸ್ವಲ್ಪ ಇಳದೀ ನೋಡು ಶಿವಲೀಲಾ. ಹಿಂಗ ಇರು, ಚಂದ ಕಾಣಸ್ತಿ."

ಬರುವ ಸೋಮವಾರ ಮತ್ತೆ ಸಭೆಯಿದೆ. ಇದನ್ನೂ ಹೇಳುತ್ತೇನೆ.