ಮಿಲಿಟ್ರಿ ಕಾಕಾನ ಗುಡ್ಡದೂರು

ಅವರ ಎಡಗಿವಿಗೆ ತುದಿ ಇರಲಿಲ್ಲ. ಅಂಚು ಇಲಿ ಕಡಿದ ರೊಟ್ಟಿಯ ಹಾಗಿತ್ತು. ಕೇಳಿದವರಿಗೆಲ್ಲ ಮಿಲಿಟ್ರಿ ಕಾಕಾ, "ಬರ್ಫ ತಿಂದೈತ್ರಿ" ಎನ್ನುತ್ತಿದ್ದರು. ನಮ್ಮೂರು ತಾಂಬಾದ ಬಿಸಿಲಿನಲ್ಲಿ ಬೇವಿನ ನೆರಳಿಗೆ ಕುಳಿತು ಹಿಮ ಕಿವಿ ತಿಂದಿತು ಎಂದರೆ ಯಾರು ನಂಬಬೇಕು? ನಾನಂತೂ ನಂಬಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಮುದ್ದೇಬಿಹಾಳದಿಂದ ಅವರ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು ನಾನು. ಹಾಲು ತಂದವರ ಮುಂದೆಯೇ ಬೆರಳು ಅದ್ದಿ ನೋಡುವ ಸ್ವಭಾವ ನನ್ನದು.

ಎರಡನೆಯ ಮಹಾಯುದ್ಧದ ಕೊನೆಗೆ ಅವರ ಪಲ್ಟನ್ನು ಗ್ರೀಸ್ ದೇಶಕ್ಕೆ ಹೋಗಿತ್ತಂತೆ. ಅಲ್ಲಿಯ ಒಂದು ಗುಡ್ಡದೂರಿನಲ್ಲಿ ಚಳಿಗಾಲ ಕಳೆದರಂತೆ. ಅವರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಕಾಕು ಮತ್ತು ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರೆ ಕಾಕಾ ಬಂದು ನಮ್ಮ ಜೋಳವನ್ನೇ ಗುಪ್ಪೆ ಮಾಡಿ ಗುಡ್ಡ ಎನ್ನುತ್ತಿದ್ದರು. ನಾವು ಆರಿಸಿ ಎಸೆದ ಹರಳುಗಳನ್ನು ಅದರ ಮೈಮೇಲೆ ಚುಚ್ಚಿದರೆ ಮನೆಗಳು.

"ಒಬ್ರ ಮನಿ ಮಾಳಿಗಿ ಮ್ಯಾಲಿನವ್ರ ಹೊಸ್ತಲಕ್ಕ ಹತ್ತತೈತಿ, ತಂಗಿ. ಗ್ವಾಡಿ ಕಲ್ಲಿಂದು, ಹಂಚಿನ ಬದಲಿ ಫರಸಿ ಕಲ್ಲು ಹೊದಸ್ಯಾರ."

"ಅಷ್ಟ ಎತ್ತರದಾಗ ಯಾಕ ಕಟ್ಟ್ಯಾರ್ರಿ? ನೀರು ಹೊರಾವ್ರು ಯಾರು?" ಎಂದೆ ನಾನು.

"ಹಿಂದಕ ಅಲ್ಲಿ ಆಳತಿದ್ದ ಸುಲ್ತಾನನ ದಂಡಿಗೆ ಅಂಜಿ ಮ್ಯಾಲ ಹತ್ತ್ಯಾರ. ನೀರು ಅಲ್ಲೇ ಐತಿ. ಚೌಕದಾಗ ಒಂದು ದೊಡ್ಡ ಗಿಡ, ಅದರ ಬುಡಕ ಕಲ್ಲಿನ ಬಾಯಿಂದ ಹಗಲಿ ರಾತ್ರಿ ಹರೀತೈತಿ."

ನೀರು ತಾನಾಗಿ ಹರಿಯುತ್ತದೆ ಎಂದಾಗ ನನ್ನ ಅನುಮಾನ ಗಟ್ಟಿಯಾಯಿತು. ಊರಿನ ಹೆಸರು ಕೇಳಿದೆ. "ಅದು ನನ್ನ ಬಾಯಾಗ ಕೂಡೂದಿಲ್ಲ" ಎಂದರು. ಹೆಸರಿಲ್ಲದ ಊರನ್ನು ನಂಬುವುದು ಹೇಗೆ? ಕೆಲವು ತಿಂಗಳು ಬಿಟ್ಟು ಮತ್ತೆ ಕೆದಕಿದೆ, ಸುಳ್ಳಾಗಿದ್ದರೆ ಎಲ್ಲಿಯಾದರೂ ಜಾರಲಿ ಎಂದು. ಅವರ ಮಾತಿನಲ್ಲಿ ಮರ ಅಲ್ಲೇ ಇತ್ತು. ಹಿಂದೆ ಹೇಳಿದ್ದ, ಜರ್ಮನರು ಸುಟ್ಟ ಚರ್ಚಿನ ಕರಿಗೋಡೆ ಅಲ್ಲೇ ಇತ್ತು. ಉಳಿದ ಗಂಟೆಯನ್ನು ಊರವರು ಆ ಮರದ ಟೊಂಗೆಗೆ ಕಟ್ಟಿ ಬಾರಿಸುತ್ತಿದ್ದರು.

ಕಾಕುವಿನ ಅನುಮಾನ ಬೇರೆ. ಆ ಊರು ಇದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಅವರ ಸಂಕಟವೇ ಅದು. ಅಲ್ಲಿ ಯಾರ ಮನೆಗೆ ಹೋದರೂ ತಬಕಿನಲ್ಲಿ ಒಂದು ಚಮಚ ದ್ರಾಕ್ಷಿಯ ಪಾಕ, ಒಂದು ಗ್ಲಾಸು ತಣ್ಣೀರು ತಂದುಕೊಡುತ್ತಾರಂತೆ, ನಮ್ಮಲ್ಲಿ ಬೆಲ್ಲ ನೀರು ಕೊಡುವ ಹಾಗೆ. "ಯಾರು ತರ್ತಿದ್ರು?" ಎಂದು ಕಾಕು ಪ್ರತಿ ಸಲ ಕೇಳುವರು. "ಮುದುಕಿ" ಎಂದು ಕಾಕಾ ಪ್ರತಿ ಸಲ ಹೇಳುವರು.

ಒಮ್ಮೆ ಮನಗೂಳಿಯ ಬೀಗರು ಬಂದಿದ್ದರು. ಕೇಳುವವರು ಹೊಸಬರಾದರೆ ಕಾಕಾನ ನಾಲಿಗೆಗೆ ಕಡಿವಾಣ ಇರುತ್ತಿರಲಿಲ್ಲ. "ತಬಕ ಹಿಡದು ಬಗ್ಗಿದ್ಲು ನೋಡ್ರಿ, ಹೆರಳು ಜಾರಿ ಪಾಕದ ಬಟ್ಟಲದಾಗ ಬಿತ್ತು. ಎಲ್ಲಾರೂ ನಕ್ಕರು, ಆಕೀನೂ ನಕ್ಕಳು" ಎಂದರು.

ಒಳಗಿನಿಂದ ಕಾಕು ಕೇಳಿದರು, "ಮುದುಕಿ ಹೆರಳು ಅಷ್ಟ ಉದ್ದ ಇತ್ತೇನ್ರಿ?"

ಕಾಕಾ ಎಲೆ ಅಡಿಕೆಯ ತಟ್ಟೆಯನ್ನು ಬೀಗರ ಕಡೆ ಸರಿಸಿದರು.

"ಯಾವ ಬಣ್ಣದ್ದು?"

"ಬೆಳ್ಳಗಿತ್ತು" ಎಂದರು, ಎಷ್ಟೋ ಹೊತ್ತಿನ ಮೇಲೆ. ತಡವಾಗಿ ಬಂದ ಉತ್ತರವನ್ನು ನಾನು ಎಂದೂ ನಂಬಿದವಳಲ್ಲ. ಕಾಕುವೂ ನಂಬಲಿಲ್ಲ.

ಅಂದಿನಿಂದ ಹೊಲದಿಂದ ಬಂದ ಗಂಡನಿಗೆ ಕಾಕು ಬರೀ ನೀರು ಕೊಟ್ಟರು. "ಬೆಲ್ಲ ಆಕಿ ಕೊಟ್ಟಾಳಲ್ಲ, ಸಾಕು" ಎಂದುಬಿಟ್ಟರು. ಕಾಕಾ ಅದನ್ನೇ ಕುಡಿದು ತಂಬಿಗೆ ಕೆಳಗಿಡುತ್ತಿದ್ದರು. ಗುಡ್ಡದೂರಿನ ಮಾತನ್ನೂ ಬಿಟ್ಟರು. ನನಗೆ ಬಹಳ ಕೆಡುಕೆನಿಸಿತು. ತವರು, ಗಂಡನ ಮನೆ ಬಿಟ್ಟರೆ ನಾನು ಕಂಡ ಊರು ಅದೊಂದೇ. ನಂಬದೆಯೂ ಅದರ ಓಣಿಗಳನ್ನೆಲ್ಲ ತಿರುಗಿದ್ದೆ. ಆ ಋಣ ಅವರಿಗೆ ಹೇಳಲೇ ಇಲ್ಲ.

ದಶಕದ ಕೊನೆಗೆ ಕಾಕಾ ಹಾಸಿಗೆ ಹಿಡಿದರು. ಅನ್ನ ಇಳಿಯದಾದಾಗ ಕಾಕು ಬೆಲ್ಲದ ಪಾಕ ಮಾಡಿ, ಒಂದು ಚಮಚ ಬಾಯಿಗೆ ಹಾಕಿ, ಮೇಲೆ ನೀರು ಕುಡಿಸಿದರು. ಕಾಕಾ ಹೆಂಡತಿಯ ಮುಖ ನೋಡಿ, "ಆಕಿ ಖರೇ ಅಂದ್ರ..." ಎಂದು ಹೇಳಹೋದರು.

"ಸುಮ್ನ ನುಂಗ್ರಿ" ಎಂದರು ಕಾಕು.

ಕಾಕಾ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರ ಮುಂದೆ ಕಾಕು ತಾವೇ ಗುಡ್ಡದೂರಿನ ಕತೆ ಹೇಳಿದರು. ಮರ, ಗಂಟೆ, ಫರಸಿ ಹೊದಿಸಿದ ಮನೆ, ಒಂದೂ ತಪ್ಪಲಿಲ್ಲ. ತಬಕು ಬಂತು. "ಒಬ್ಬಾಕಿ ಮುದುಕಿ ತಂದುಕೊಡ್ತಿದ್ಲಂತ" ಎಂದರು. ನಾನು ತಲೆ ಎತ್ತಿ ನೋಡಿದೆ.

ಬಂದವರು ಹೋದ ಮೇಲೆ ತಡೆಯಲಾರದೆ ಕೇಳಿದೆ, "ಕಾಕು, ಆಕಿ ಖರೇನ ಮುದುಕಿ ಅಂತೀರೇನು?"

"ಹೆರಳು ಬೆಳ್ಳಗಿತ್ತಂತ ಅವರೇ ಹೇಳ್ಯಾರ" ಎಂದರು ಕಾಕು. "ನೀ ಏನ ಹೋಗಿ ನೋಡಿ ಬಂದೀಯೇನು?"