ಚಕ್ರ ಮೇಡಂ ಬಿಟ್ಟುಕೊಟ್ಟ ಕೇಸು

ಕೋರ್ಟಿನ ಆವರಣದಲ್ಲಿ ಅವಳ ನಿಜವಾದ ಹೆಸರು ಹಿಡಿದು ವಿಚಾರಿಸಿದರೆ ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಚಕ್ರ ಮೇಡಂ ಅಂದರೆ ಮಾತ್ರ ಲಿಫ್ಟಿನವನೂ ಮೂರನೇ ಮಹಡಿಯ ಕಡೆ ಬೆರಳು ತೋರಿಸುತ್ತಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಹಿಂದೆ ಯಾರೋ ತಮಾಷೆಗೆ ಅಂದದ್ದು ಹಾಗೇ ಅಂಟಿಕೊಂಡಿತ್ತು. ಕಕ್ಷಿದಾರರು ಎದುರಿಗೆ ಕೂತು ಗೋಳು ತೋಡಿಕೊಳ್ಳುವಾಗಲೂ ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಲೇ ಕೇಳುವವಳು. ಹೇಳುವವರಿಗೆ ಕತ್ತು ನೋಯುತ್ತಿತ್ತು, ಆದರೆ ಅವಳಿಗೆ ಒಂದು ಮಾತೂ ತಪ್ಪಿಹೋಗುತ್ತಿರಲಿಲ್ಲ.

ಮನೆಯಲ್ಲೂ ಅದೇ ಕಥೆ. ಗಂಡ ರೈಲ್ವೆಯಲ್ಲಿ ವೇಳಾಪಟ್ಟಿ ತಯಾರಿಸುವ ಕೆಲಸದಲ್ಲಿದ್ದ. ನೂರಾರು ರೈಲುಗಳು ಎಷ್ಟೊತ್ತಿಗೆ ಎಲ್ಲಿ ನಿಲ್ಲುತ್ತವೆ ಎಂದು ಬಾಯಿಪಾಠ ಹೇಳುವವನಿಗೆ ಹೆಂಡತಿ ಎಲ್ಲಿ ನಿಲ್ಲುತ್ತಾಳೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ. ಅತ್ತೆ ನೆಂಟರ ಮುಂದೆ, ನಮ್ಮ ಸೊಸೆ ಅಂಚೆಯವನ ಹಾಗೆ, ಬಂದ್ಲು ಅನ್ನೋಷ್ಟರಲ್ಲಿ ಹೋಗಿರ್ತಾಳೆ, ಅನ್ನುತ್ತಿದ್ದರು. ದೂರಿನ ದನಿಯಲ್ಲೇ ಹೇಳಿದರೂ ಒಳಗೊಳಗೆ ಹೆಮ್ಮೆ ಇತ್ತು.

ಈ ತಳಮಳ ಎಲ್ಲಿಂದ ಬಂತು ಅಂದರೆ ಬಾಡಿಗೆ ಮನೆಗಳಿಂದ. ಅವಳಪ್ಪ ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದ ಬಾಯಿಸತ್ತ ಮನುಷ್ಯ. ಮಾಲೀಕ ಖಾಲಿ ಮಾಡಿ ಅಂದರೆ ಸಾಕು, ಏಕೆ ಎಂದು ಕೇಳದೆ ಹಾಸಿಗೆ ಸುತ್ತುತ್ತಿದ್ದ. ಹನ್ನೆರಡು ವರ್ಷದಲ್ಲಿ ಒಂಬತ್ತು ಮನೆ. ಏಳನೇ ಮನೆಯ ಮಾಲೀಕ ತಿಂಗಳ ಕೊನೆಗೆ ಬಿಡಿ ಅಂದಾಗ ಅವಳಿಗೆ ಹನ್ನೊಂದು ವರ್ಷ. ಅಪ್ಪ ಓದದೇ ಸಹಿ ಹಾಕಿದ್ದ ಕರಾರು ಪತ್ರವನ್ನು ಟ್ರಂಕಿನಿಂದ ತೆಗೆದು, ಅರ್ಧಕ್ಕರ್ಧ ಅರ್ಥವಾಗದಿದ್ದರೂ ಕೊನೆವರೆಗೆ ಓದಿದಳು. ಮೂರು ತಿಂಗಳು ಮುಂಚೆ ತಿಳಿಸಬೇಕು ಎಂಬ ಸಾಲು ಸಿಕ್ಕಿತು. ಅದನ್ನು ಮಾಲೀಕನ ಮನೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಿದಳು. ಅವನು ನಕ್ಕ, ಆದರೆ ಮೂರು ತಿಂಗಳು ಕೊಟ್ಟ. ಅಪ್ಪ ಅವತ್ತು ಮಗಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ.

ಕಾನೂನು ಓದಿ ಒಬ್ಬ ಹಿರಿಯರ ಕೈಕೆಳಗೆ ಸೇರಿದಳು. ಆಸ್ತಿ ವ್ಯಾಜ್ಯ, ಪಾಲುದಾರರ ಜಗಳ, ಅಂಗಡಿ ಮಳಿಗೆಗಳ ತಕರಾರು ಬಿಟ್ಟು ಅವರು ಬೇರೆ ಮುಟ್ಟಿದವರಲ್ಲ. ಕಾಗದ ಸುಳ್ಳು ಹೇಳಬಹುದು, ಅದಕ್ಕೆ ಹೊಡೆದ ಪಿನ್ನು ಸುಳ್ಳು ಹೇಳಲ್ಲ ಎಂದು ಅವರು ಕಲಿಸಿದ್ದರು. ಪುಟ ತೆಗೆದಿದ್ದರೆ, ಸೇರಿಸಿದ್ದರೆ, ತೂತುಗಳೇ ಸಾಕ್ಷಿ. ಅವಳು ಅದಕ್ಕೆ ತನ್ನದೊಂದು ಪಾಠ ಸೇರಿಸಿಕೊಂಡಳು: ಜಾಗವನ್ನು ಕಾಲಲ್ಲಿ ತುಳಿದು ನೋಡದೆ ಕೇಸು ಹಿಡಿಯಬಾರದು. ಚೀಲದಲ್ಲಿ ಅಳತೆ ಟೇಪು ಇಟ್ಟುಕೊಂಡೇ ತಿರುಗುತ್ತಿದ್ದಳು. ನಕ್ಷೆಯಲ್ಲಿ ಇಲ್ಲದ ಗೋಡೆ, ಗೋಡೆಯಲ್ಲಿ ಇಲ್ಲದ ಬಾಗಿಲು ಅವಳ ಕಣ್ಣಿಗೆ ಬೀಳುತ್ತಿತ್ತು. ನಲವತ್ತೈದಾಗುವ ಹೊತ್ತಿಗೆ ಊರಿನ ದೊಡ್ಡ ವರ್ತಕರೆಲ್ಲ ಅವಳನ್ನೇ ಹುಡುಕಿ ಬರುತ್ತಿದ್ದರು.

ಹಾಗೆ ಬರುತ್ತಿದ್ದವರಲ್ಲಿ ಟೈಲ್ಸ್ ವ್ಯಾಪಾರಿ ಮುಖ್ಯನಾದವನು. ಹದಿನೈದು ವರ್ಷದ ಒಡನಾಟ. ತನ್ನ ಅಂಗಡಿಯ ಪಕ್ಕದ ಮೆಟ್ಟಿಲು ಒಡೆದು ಮಳಿಗೆ ಅಗಲ ಮಾಡಬೇಕೆಂದು ಅವನ ಆಸೆ. ಆ ಮೆಟ್ಟಿಲು ಹತ್ತಿದರೆ ಮೇಲೆ ಟೈಲರಮ್ಮನ ಕೋಣೆ. ಆರು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಮೇಲಿನ ಮಹಡಿಯನ್ನು ವ್ಯಾಪಾರಿಯ ತಂದೆ ಟೈಲರಮ್ಮನ ತಂದೆಗೆ ಮಾರಿದ್ದರು. ಮೆಟ್ಟಿಲ ಹಕ್ಕನ್ನೂ ಬೇರೊಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು ಅಂತ ಟೈಲರಮ್ಮನ ವಾದ. ಅವಳ ಹತ್ತಿರವಿದ್ದ ಆ ಹಾಳೆಯ ಪ್ರತಿಯು, ಪೈಪು ಒಡೆದ ನೀರಲ್ಲಿ ನೆನೆದು ಮುದ್ದೆಯಾಗಿತ್ತು. ಓಡಾಡಲು ಬಿಟ್ಟಿದ್ದು ಬರೀ ದಾಕ್ಷಿಣ್ಯಕ್ಕೆ ಅಂತ ವ್ಯಾಪಾರಿಯ ವಾದ. ಕೇಸು ನಡೆಯುವಾಗಲೇ ಅವನು ಮೆಟ್ಟಿಲ ಬುಡಕ್ಕೆ ಕಬ್ಬಿಣದ ಗೇಟು ಹಾಕಿಸಿ, ಬೆಳಿಗ್ಗೆ ಒಂಬತ್ತರಿಂದ ಆರರವರೆಗೆ ಮಾತ್ರ ತೆರೆಯುತ್ತಿದ್ದ.

ಕಾಗದ ಇಲ್ಲದವರು ಕೋರ್ಟಲ್ಲಿ ಮೂಗರಿದ್ದಂತೆ. ವ್ಯಾಪಾರಿಯ ವಕೀಲೆಯಾದ ಚಕ್ರ ಮೇಡಂಗೆ ಗೆಲುವು ಅಂಗೈ ಮೇಲಿನ ನೆಲ್ಲಿಕಾಯಿಯಂತಿತ್ತು. ಆದರೆ ವ್ಯಾಪಾರಿ ತಂದುಕೊಟ್ಟಿದ್ದ ಹಳೆಯ ಕ್ರಯಪತ್ರದ ಮೂಲೆಯಲ್ಲಿ ಎರಡು ಜೊತೆ ಪಿನ್ನಿನ ತೂತುಗಳಿದ್ದವು. ಒಂದು ಕಾಲದಲ್ಲಿ ಯಾವುದೋ ಹಾಳೆಯನ್ನು ಅದಕ್ಕೆ ಪಿನ್ನು ಹೊಡೆದು ಸೇರಿಸಿದ್ದರು. ಅವಳು ವ್ಯಾಪಾರಿಯ ಗುಮಾಸ್ತನಿಗೆ ಹೇಳಿ ಹಳೆಯ ಕಾಗದವೆಲ್ಲ ತರಿಸಿದಳು. ಪಾಪ, ಅವನು ಏನೂ ನೋಡದೆ ಎರಡು ಪೆಟ್ಟಿಗೆ ತಂದಿಟ್ಟ. ಎರಡನೇ ಪೆಟ್ಟಿಗೆಯಲ್ಲಿ ಆ ಹಾಳೆ ಇತ್ತು. ವ್ಯಾಪಾರಿಯ ತಂದೆಯ ಕೈಬರಹ: ಮಹಡಿಯೊಂದಿಗೆ ಮೆಟ್ಟಿಲ ಹಕ್ಕನ್ನೂ ಕೊಟ್ಟಿದ್ದೇನೆ, ನನ್ನ ಮಕ್ಕಳು ಮರಿ ಯಾರೂ ಅಡ್ಡಿ ಮಾಡಕೂಡದು. ಕೆಳಗೆ ಇಬ್ಬರು ತಂದೆಯರ ಸಹಿ.

ಮೆಟ್ಟಿಲಿಗೆ ಸಂಬಂಧಿಸಿದ ಎಲ್ಲ ಕಾಗದವನ್ನೂ ಒಪ್ಪಿಸಿದ್ದೇವೆ ಎಂದು ಎರಡೂ ಕಡೆಯವರು ಪ್ರಮಾಣ ಮಾಡಿ ಬರೆದುಕೊಡಲು ಕೋರ್ಟು ಹದಿನೈದು ದಿನ ಕೊಟ್ಟಿತ್ತು. ಅವಳು ವ್ಯಾಪಾರಿಯನ್ನು ಕರೆಸಿ ಹಾಳೆಯನ್ನು ಮುಂದಿಟ್ಟಳು. ಅವನು ಓದಿ, ಮಡಚಿ, ಅಪ್ಪನಿಗೆ ಕೊನೆಕೊನೆಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂದ. ಪತ್ರ ಬರೆದಾಗ ಅವರಿಗೆ ನಲವತ್ತು ವರ್ಷ ಎಂದು ಅವಳು ತಾರೀಖು ತೋರಿಸಿದಳು.

"ಇದು ನಮ್ಮಿಬ್ಬರ ಕಣ್ಣಿಗೆ ಮಾತ್ರ ಬಿದ್ದಿದೆ," ಅಂದ ಅವನು. "ಬೀಳಲಿಲ್ಲ ಅಂದ್ಕೊಳ್ಳೋಣ."

"ನಿಮ್ಮ ಗುಟ್ಟು ನಾನು ಯಾರಿಗೂ ಹೇಳಲ್ಲ. ಅದು ನನ್ನ ಕಸುಬು. ಆದ್ರೆ ಸುಳ್ಳು ಪ್ರಮಾಣಪತ್ರ ನನ್ನ ಕೈಯಿಂದ ಹೋಗಲ್ಲ. ಇದನ್ನ ಕೋರ್ಟಿಗೆ ಕೊಡಿ, ಇಲ್ಲಾಂದ್ರೆ ಫೈಲು ತಗೊಂಡು ಹೋಗಿ."

"ಹದಿನೈದು ವರ್ಷ ಉಪ್ಪು ತಿಂದಿದೀರಿ."

"ಅದಕ್ಕೇ ಮುಖಕ್ಕೆ ಹೇಳ್ತಿದೀನಿ."

ಅವನು ಫೈಲು ಕೇಳಿದ. ಕೊಡುವ ಮುಂಚೆ ಅವಳು ಎರಡು ದಿನ ಕೂತು, ಅಂದರೆ ಹೆಚ್ಚುಪಾಲು ನಿಂತು, ಪ್ರತಿ ಹಾಳೆಗೂ ಸಂಖ್ಯೆ ಹಾಕಿ ಮೊಹರು ಒತ್ತಿದಳು. ಪತ್ರ ಇನ್ನೂರ ಹದಿನಾಲ್ಕನೇ ಪುಟವಾಯಿತು. ಪಟ್ಟಿ ಮಾಡಿ ಗುಮಾಸ್ತನಿಂದ ಸಹಿ ಪಡೆದಳು. ಇನ್ನು ಆ ಹಾಳೆ ಮಾಯವಾದರೆ ಅದರ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

ಅದಾದ ಮೇಲಿನ ದಿನಗಳಲ್ಲಿ ಅವಳಿಗೆ ಅತ್ತ ದರಿ, ಇತ್ತ ಪುಲಿ. ಟೈಲರಮ್ಮನಿಗೆ ಒಂದು ಮಾತು ತಲುಪಿಸಿದ್ದರೆ ಸಾಕಿತ್ತು, ತಲುಪಿಸುವ ಹಾಗಿರಲಿಲ್ಲ. ವ್ಯಾಪಾರಿ ಪೇಟೆಯಲ್ಲೆಲ್ಲ, ಆ ಮೇಡಂಗೆ ಈಗ ಮರೆವು, ಫೈಲು ಸಂಭಾಳಿಸಕ್ಕಾಗಲ್ಲ ಎಂದು ಹಬ್ಬಿಸಿದ. ಮೂವರು ವರ್ತಕರು ಒಬ್ಬರ ಹಿಂದೆ ಒಬ್ಬರು ಕೇಸು ವಾಪಸು ಪಡೆದರು. ಅವಳು ದಾರಿಯಲ್ಲದ ದಾರಿಯಲ್ಲಿ, ಟೈಲ್ಸ್ ಅಂಗಡಿಯ ಮುಂದಿನಿಂದಲೇ ಕೋರ್ಟಿಗೆ ಹೋಗತೊಡಗಿದಳು. ಒಂಬತ್ತಕ್ಕೆ ಮುಂಚೆ ಗೇಟಿನ ಹೊರಗೆ ಟೈಲರಮ್ಮನ ಕೆಲಸದ ಹೆಂಗಸರು ಸಾಲಾಗಿ ನಿಂತಿರುವುದು ಕಾಣುತ್ತಿತ್ತು. ಊಟದ ತಟ್ಟೆಯ ಮುಂದೆ ಕೈ ನಿಂತುಬಿಡುತ್ತಿತ್ತು. ಏನಾಗಿದೆ ಎಂದು ಗಂಡ ಕೇಳಿದರೆ, ಹೇಳೋ ಹಾಗಿಲ್ಲ ಅನ್ನುವಳು. ಅವನು ಮತ್ತೆ ಕೇಳಲಿಲ್ಲ. ಬೆಳಿಗ್ಗೆ ಅವಳ ಜೊತೆ ಚಪ್ಪಲಿ ಮೆಟ್ಟಿ ಅಷ್ಟು ದೂರ ನಡೆಯತೊಡಗಿದ.

ಹನ್ನೊಂದನೇ ದಿನ ಫೋನು ಬಂತು. ವ್ಯಾಪಾರಿ ಹಿಡಿದ ಹೊಸ ವಕೀಲೆ ಬೇರಾರೂ ಅಲ್ಲ, ಇವಳ ಹತ್ತಿರವೇ ಆರು ವರ್ಷ ಪಳಗಿ ಹೋದ ಹಳೆಯ ಶಿಷ್ಯೆ.

"ಮೇಡಂ, ನೀವು ಕೇಸು ಬಿಟ್ಟಿದ್ದು ಯಾಕೆ?"

"ಕೇಳಬಾರದ್ದು ಕೇಳ್ತಿದೀಯ."

ಆ ಕಡೆ ಹಾಳೆ ಸರಿಸುವ ಸದ್ದು ಕೇಳಿಸಿತು.

"ಫೈಲು ಎಣಿಸಿ ತಗೊಂಡ್ಯಾ?" ಎಂದಳು ಇವಳು.

"ನೀವು ಕಲಿಸಿದ್ದೇ ಹಾಗಲ್ವಾ. ಒಂದೂ ಬಿಡದೆ ಓದಿದೀನಿ."

"ಹಾಗಾದ್ರೆ ನನ್ನ ಯಾಕೆ ಕೇಳ್ತೀಯಮ್ಮ," ಎಂದು ಫೋನಿಟ್ಟಳು. ಶಿಷ್ಯೆ ಏನು ಮಾಡುತ್ತಾಳೋ ಗೊತ್ತಿರಲಿಲ್ಲ. ಮನೆಗೆ ಸಾಲ ತೆಗೆದವಳು, ಹೊಸದಾಗಿ ಕಚೇರಿ ತೆರೆದವಳು, ಇಂಥ ಕಕ್ಷಿದಾರ ಅವಳಿಗೆ ಮತ್ತೆ ಸಿಗುವನೇ?

ಹದಿನೈದನೇ ದಿನವೂ ಸುದ್ದಿಯಿಲ್ಲ. ಮರುವಾರ ಅಂಗಡಿ ಮುಂದೆ ಹಾಯುವಾಗ ಇಬ್ಬರು ಕೆಲಸಗಾರರು ಗೇಟನ್ನು ಗೋಡೆಯಿಂದ ಕಿತ್ತು ಕೈಗಾಡಿಗೆ ಹಾಕುತ್ತಿದ್ದರು. ಪತ್ರ ಕೋರ್ಟಿಗೆ ಕೊಡಿ, ಇಲ್ಲಾಂದ್ರೆ ಫೈಲು ತಗೊಂಡು ಹೋಗಿ ಎಂದು ಶಿಷ್ಯೆಯೂ ವ್ಯಾಪಾರಿಗೆ ಅದೇ ಮಾತು ಹೇಳಿದ್ದಳು. ಮೂರನೇ ವಕೀಲರ ಹತ್ತಿರ ಹೋಗುವ ಧೈರ್ಯ ವ್ಯಾಪಾರಿಗೆ ಬರಲಿಲ್ಲ. ಪತ್ರ ಒಪ್ಪಿಸಿ ರಾಜಿಯಾಗಿದ್ದ. ರಾಜಿಯ ವಿಷಯ ಅವಳಿಗೆ ಆಮೇಲೆ ಕೋರ್ಟಿನ ದಾಖಲೆಯಿಂದ ತಿಳಿದದ್ದು, ಉಳಿದದ್ದು ಅವಳೇ ಊಹಿಸಿಕೊಂಡದ್ದು. ಆಗ ಕಂಡದ್ದು ಗೇಟು ಕಿತ್ತ ಗೋಡೆಯ ಕೆಂಪು ಇಟ್ಟಿಗೆ, ಬಟ್ಟೆಯ ಥಾನು ಹೊತ್ತು ಮೆಟ್ಟಿಲ ಮೇಲೆ ನಿಂತ ಟೈಲರಮ್ಮ.

ಟೈಲರಮ್ಮ ಗುರುತು ಹಿಡಿದಳು. ಎರಡು ವರ್ಷ ಕಟಕಟೆಯಲ್ಲಿ ನಿಲ್ಲಿಸಿ ಸುಳ್ಳುಗಾತಿ ಅನ್ನಿಸಿದ ಮುಖವನ್ನು ಮರೆಯುವುದುಂಟೆ?

"ನೀವು ಮಧ್ಯದಲ್ಲೇ ಬಿಟ್ಟು ಹೋದ್ರಂತೆ. ಸೋಲ್ತೀವಿ ಅಂತ ಗೊತ್ತಾಯ್ತಾ?"

ಗಂಡ ಪಕ್ಕದಲ್ಲೇ ನಿಂತಿದ್ದ. ಅವಳ ನಾಲಿಗೆ ತುದಿಯಲ್ಲಿ ಎಷ್ಟೋ ಇತ್ತು.

"ಹೌದು ಅಂತಲೇ ಇಟ್ಕೊಳ್ಳಿ," ಅಂದಳು.

ಟೈಲರಮ್ಮ ತಲೆಯಾಡಿಸಿ, ಥಾನು ಹೆಗಲು ಬದಲಿಸಿ ಮೇಲೆ ಹತ್ತಿದಳು. ಸ್ವಲ್ಪ ಹೊತ್ತಿನಲ್ಲಿ ಮೇಲಿಂದ ಒಂದೊಂದಾಗಿ ಯಂತ್ರಗಳ ಸದ್ದು ಶುರುವಾಯಿತು. ಗಂಡ ಕೈಗಡಿಯಾರ ನೋಡಿಕೊಂಡ, ಇನ್ನೂ ಎಂಟೂಕಾಲು.